ಚಳಿಗಾಲದ ಮಧ್ಯಾಹ್ನ ತೆರೆಯುವ ರೇಡಿಯೋ ಬ್ಯಾಂಡ್ ಬೇಸಿಗೆಯಲ್ಲಿ ಯಾಕೆ ಮುಚ್ಚುತ್ತದೆ?

ಓದುಗರ ಪ್ರಶ್ನೆ: ನಾನು ಹ್ಯಾಮ್ ರೇಡಿಯೋ ಹವ್ಯಾಸಿ. ನನ್ನ ಸ್ಟೇಷನ್ ಉತ್ತರಾರ್ಧ ಗೋಳದಲ್ಲಿ, ಸುಮಾರು 45 ಡಿಗ್ರಿ ಅಕ್ಷಾಂಶದಲ್ಲಿದೆ. ನಾಲ್ಕು ವರ್ಷದ ಲಾಗ್‌ಬುಕ್ ತೆಗೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಡಿಸೆಂಬರ್ ಮಧ್ಯಾಹ್ನ 28 ಮೆಗಾಹರ್ಟ್ಸ್‌ನಲ್ಲಿ ಬಹಳ ದೂರದ ಸ್ಟೇಷನ್‌ಗಳು ಸಲೀಸಾಗಿ ಸಿಗುತ್ತವೆ. ಜೂನ್, ಜುಲೈನಲ್ಲಿ ಸೂರ್ಯ ಅಷ್ಟು ಮೇಲಿದ್ದರೂ ಅದೇ ಬ್ಯಾಂಡ್ ಮಂಕು. ಆಂಟೆನಾ ಬದಲಿಸಿದೆ, ಕೇಬಲ್ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಒಬ್ಬ ಗೆಳೆಯರು ‘ಬೇಸಿಗೆಯಲ್ಲಿ ಮೇಲಿನ ಗಾಳಿಯಲ್ಲಿ ಆಮ್ಲಜನಕ ಕಮ್ಮಿಯಾಗುತ್ತದೆ’ ಎಂದರು. ಇನ್ನೊಬ್ಬರು ‘ಮೇಲೆ ಬೇಸಿಗೆಯಲ್ಲೇ ಚಳಿ ಜಾಸ್ತಿ’ ಎಂದರು. ಇದು ನಿಜವಾ? ಹವಾಮಾನ ಬದಲಾವಣೆಗೆ ಸಂಬಂಧ ಇದೆಯಾ? ಇನ್ನೊಂದು ವಿಷಯ. ನಾನು ಒಂದು ವಿದ್ಯಾರ್ಥಿ ತಂಡದ ಪುಟ್ಟ ಉಪಗ್ರಹಕ್ಕೆ ರೇಡಿಯೋ ಕೆಲಸದಲ್ಲಿ ನೆರವಾಗುತ್ತಿದ್ದೇನೆ. ಅದನ್ನು 400 ಕಿ.ಮೀ. ಎತ್ತರದಲ್ಲಿ ಬಿಡಬಹುದು ಅಥವಾ 550ರಲ್ಲಿ. ತಂಡದವರು ಗಾಳಿಯ ಸಾಂದ್ರತೆಗೆ ವರ್ಷಪೂರ್ತಿ ಒಂದೇ ಸಂಖ್ಯೆ ಹಾಕಿ ಆಯುಷ್ಯ ಲೆಕ್ಕ ಮಾಡಿದ್ದಾರೆ. ಮೇಲೆ ಋತುಗಳಿದ್ದರೆ ಈ ಲೆಕ್ಕ ನಡೆಯುತ್ತದಾ?

ಉತ್ತರ: ಮೊದಲು ಆ ಕೇಬಲ್‌ಗೆ ಕೈ ಹಾಕುವುದನ್ನು ನಿಲ್ಲಿಸಿ. ನಿಮ್ಮ ರೇಡಿಯೋ ಸರಿಯಾಗಿದೆ. ನಿಮ್ಮ ಲಾಗ್‌ಬುಕ್ ಇನ್ನೂ ಸರಿಯಾಗಿದೆ. ಅದರಲ್ಲಿ ಕಾಣುತ್ತಿರುವುದನ್ನು 1930ರ ದಶಕದಲ್ಲೇ ಬ್ರಿಟಿಷ್ ಭೌತವಿಜ್ಞಾನಿ ಎಡ್ವರ್ಡ್ ಆ್ಯಪಲ್ಟನ್ ಮತ್ತು ಅವರ ಕಾಲದವರು ಗಮನಿಸಿದ್ದರು. ‘ಚಳಿಗಾಲದ ಅಸಂಗತಿ’ ಎಂದು ಅದಕ್ಕೆ ಹೆಸರೂ ಬಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಡಿಸೆಂಬರ್ ಮತ್ತು ಜೂನ್ ತಿಂಗಳ ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವನು, ಯಾರೋ ಚೀಟಿ ಅದಲುಬದಲು ಅಂಟಿಸಿದ್ದಾರೆ ಅಂದುಕೊಂಡಿದ್ದೆ. ಅರ್ಧ ದಿನ ಸುಮ್ನೆ ಮೂಲ ಕಡತ ಹುಡುಕುತ್ತ ಕೂತಿದ್ದೆ.

ನಿಮ್ಮ ಗೊಂದಲ ಸಹಜವಾದದ್ದೇ. ನೀವಿರುವ ಅಕ್ಷಾಂಶದಲ್ಲಿ ಜೂನ್ ಕೊನೆಯ ಮಧ್ಯಾಹ್ನ ಸೂರ್ಯ ದಿಗಂತದಿಂದ 68 ಡಿಗ್ರಿ ಮೇಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಬರೀ 22 ಡಿಗ್ರಿ. ನಿಮ್ಮ ಸಂಕೇತವನ್ನು ಮೇಲಿನಿಂದ ನೆಲದ ಕಡೆ ತಿರುಗಿಸಿ ದೂರಕ್ಕೆ ಮುಟ್ಟಿಸುವುದು, ಬಿಸಿಲು ಅಲ್ಲಿನ ಗಾಳಿಯಿಂದ ಕಿತ್ತು ಬಿಡಿಯಾಗಿಸಿದ ಎಲೆಕ್ಟ್ರಾನ್‌ಗಳು. ಬಿಸಿಲು ಜಾಸ್ತಿ ಇದ್ದಾಗ ಎಲೆಕ್ಟ್ರಾನ್ ಜಾಸ್ತಿ ಹುಟ್ಟಬೇಕು, ಅಲ್ವಾ? ಹುಟ್ಟುವುದೇನೋ ಹುಟ್ಟುತ್ತವೆ. ಆದರೆ ಎಷ್ಟು ಹುಟ್ಟಿದವು ಅನ್ನುವುದರ ಜೊತೆಗೆ ಎಷ್ಟು ಬೇಗ ಸತ್ತವು ಅನ್ನುವುದನ್ನೂ ಕೇಳಬೇಕು. ಅದನ್ನು ತೀರ್ಮಾನಿಸುವುದು ಅಲ್ಲಿ ಯಾವ ಅನಿಲ ಎಷ್ಟಿದೆ ಅನ್ನುವ ಲೆಕ್ಕ.

ಗೆಳೆಯರ ಮಾತಿಗೆ ಬರೋಣ. ಇಬ್ಬರೂ ಅರ್ಧ ಸರಿ. ಆದರೆ ಇಬ್ಬರೂ ಬೇರೆ ಬೇರೆ ಎತ್ತರದ ಬಗ್ಗೆ ಮಾತಾಡಿದ್ದಾರೆ.

ಆಮ್ಲಜನಕ ಕಮ್ಮಿಯಾಗುತ್ತದೆ ಅಂದವರು ಯಾವ ಆಮ್ಲಜನಕ ಎಂದು ಹೇಳಲಿಲ್ಲ. ನಾವು ಉಸಿರಾಡುವುದು ಎರಡು ಪರಮಾಣು ಜೋಡಿಯಾಗಿರುವ ಆಮ್ಲಜನಕದ ಅಣುವನ್ನು. ನೆಲದಿಂದ ಸುಮಾರು 100 ಕಿ.ಮೀ. ತನಕ ಗಾಳಿಯಲ್ಲಿ ಅದರ ಪಾಲು ಹೆಚ್ಚೂಕಮ್ಮಿ ಒಂದೇ, 21 ಶೇಕಡಾದ ಹತ್ತಿರ. ಗಾಳಿ ಸದಾ ಕಲಕಿಕೊಳ್ಳುತ್ತಲೇ ಇರುವುದರಿಂದ ಆ ಪಾಲು ಕದಲುವುದಿಲ್ಲ. ಅದಕ್ಕೂ ಮೇಲೆ ಹೋದರೆ ಸೂರ್ಯನ ಅತಿನೇರಳೆ ಕಿರಣ ಈ ಜೋಡಿಯನ್ನು ಒಡೆಯುತ್ತದೆ. ಒಂಟಿ ಪರಮಾಣುಗಳು ಉಳಿಯುತ್ತವೆ. ಸುಮಾರು 200ರಿಂದ 600 ಕಿ.ಮೀ. ತನಕ ಈ ಒಂಟಿ ಆಮ್ಲಜನಕದ್ದೇ ಕಾರುಬಾರು. ಬೇಸಿಗೆಯಲ್ಲಿ ಸಾರಜನಕಕ್ಕೆ ಹೋಲಿಸಿದರೆ ಕಮ್ಮಿಯಾಗುವುದು ಇದು. ನೀವು ಉಸಿರಾಡುವ ಗಾಳಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಬೇಸಿಗೆಯಲ್ಲೇ ಚಳಿ ಅಂದವರ ಮಾತು ಸುಮಾರು 85 ಕಿ.ಮೀ. ಎತ್ತರಕ್ಕೆ ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ 28 ಮೆಗಾಹರ್ಟ್ಸ್ ತಿರುಗಿ ಬರುವುದು ಅಲ್ಲಿಂದಲ್ಲ. ಅದು ಬರುವುದು ಅಯಾನುಗೋಳದ (ಈ ಬಿಡಿ ಎಲೆಕ್ಟ್ರಾನ್‌ಗಳಿರುವ ವಲಯದ) ಎಫ್2 ಎಂಬ ಪದರದಿಂದ, ಸುಮಾರು 250ರಿಂದ 350 ಕಿ.ಮೀ. ಎತ್ತರದಿಂದ. ಅಲ್ಲಿ ಬೇಸಿಗೆ ಬಿಸಿಯೇ.

ಮೂರನೆಯ ಊಹೆಯೊಂದನ್ನು ನೀವು ಕೇಳಿಲ್ಲ, ಆದರೆ ಬಹಳ ಜನ ಕೇಳುತ್ತಾರೆ: ಬಿಸಿಗೆ ಪದರ ಹಿಗ್ಗಿ ತೆಳುವಾಗುತ್ತದಾ? ಮೊದಮೊದಲು ವಿಜ್ಞಾನಿಗಳಲ್ಲೂ ಹಾಗೆ ಯೋಚಿಸಿದವರಿದ್ದರು. ಹಿಗ್ಗುವುದು ಸುಳ್ಳಲ್ಲ. ಆದರೆ ಅದೊಂದರಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. 1961ರಲ್ಲಿ ಹೆನ್ರಿ ರಿಷ್‌ಬೆತ್ ಮತ್ತು ಸೆಟ್ಟಿ ಅವರು ಗಾಳಿಯ ಮಿಶ್ರಣವೇ ಋತುವಿನೊಂದಿಗೆ ಬದಲಾಗುತ್ತಿರಬೇಕು ಎಂದು ಬರೆದರು. ಆಮೇಲೆ ರಾಕೆಟ್, ಉಪಗ್ರಹಗಳು ಹೋಗಿ ಅಳೆದು ನೋಡಿದವು. ಅವರ ಊಹೆ ನಿಂತಿತು.

ಈಗ ಅಸಲು ಕಾರಣ. ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಉಪಗ್ರಹದ ಪ್ರಶ್ನೆಗೂ ಇದೇ ಬೇರು.

ಕೆಸರು ನೀರನ್ನು ಒಂದು ಗಾಜಿನ ಪಾತ್ರೆಯಲ್ಲಿ ಕಲಕದೆ ಬಿಟ್ಟರೆ ಭಾರದ್ದು ಕೆಳಗೆ ಕೂರುತ್ತದೆ. 100 ಕಿ.ಮೀ.ಗಿಂತ ಮೇಲೆ ಗಾಳಿಯೂ ಹಾಗೇ. ಅಲ್ಲಿ ಗಾಳಿ ಎಷ್ಟು ತೆಳು ಎಂದರೆ ಪ್ರತಿಯೊಂದು ಅನಿಲವೂ ತನ್ನ ತೂಕಕ್ಕೆ ತಕ್ಕಂತೆ ಬೇರೆಯಾಗಿ ಹರಡಿಕೊಳ್ಳುತ್ತದೆ. ಸಾರಜನಕದ ಅಣುವಿನ ತೂಕ 28. ಒಂಟಿ ಆಮ್ಲಜನಕದ್ದು 16. ಹೀಲಿಯಂದು 4. ಉಷ್ಣತೆ 1000 ಕೆಲ್ವಿನ್ ಇದ್ದರೆ, ಸುಮಾರು 33 ಕಿ.ಮೀ. ಮೇಲೆ ಹೋಗುವಷ್ಟರಲ್ಲಿ ಸಾರಜನಕ ಹೆಚ್ಚೂಕಮ್ಮಿ ಮೂರನೇ ಒಂದಕ್ಕೆ ಇಳಿಯುತ್ತದೆ. ಒಂಟಿ ಆಮ್ಲಜನಕ ಅಷ್ಟೇ ಇಳಿಯಲು 58 ಕಿ.ಮೀ. ಬೇಕು. ಹಾಗಾಗಿ ಮೇಲೆ ಹೋದಷ್ಟೂ ಹಗುರದ ಅನಿಲದ ಪಾಲು ದೊಡ್ಡದಾಗುತ್ತದೆ.

ಎಫ್2 ಪದರದಲ್ಲಿ ಸೂರ್ಯನ ಕಿರಣ ಒಂಟಿ ಆಮ್ಲಜನಕದಿಂದ ಎಲೆಕ್ಟ್ರಾನ್ ಕಿತ್ತು ಅದನ್ನು ಅಯಾನು, ಅಂದರೆ ವಿದ್ಯುದಂಶವಿರುವ ಕಣ, ಮಾಡುತ್ತದೆ. ಈ ಅಯಾನು ನೇರವಾಗಿ ಎಲೆಕ್ಟ್ರಾನ್ ಜೊತೆ ಮತ್ತೆ ಸೇರುವುದು ಬಹಳ ನಿಧಾನ. ಆದರೆ ಅದಕ್ಕೆ ಒಂದು ಸಾರಜನಕದ ಅಣು ಎದುರಾದರೆ ಕಥೆ ಬೇರೆ. ಎರಡೂ ಸೇರಿ ನೈಟ್ರಿಕ್ ಆಕ್ಸೈಡ್ ಅಯಾನು ಆಗುತ್ತದೆ, ಅದು ಎಲೆಕ್ಟ್ರಾನನ್ನು ಗಬಕ್ಕನೆ ಹಿಡಿದು ಒಡೆದುಹೋಗುತ್ತದೆ. ಅಂದರೆ ಆಮ್ಲಜನಕ ಎಲೆಕ್ಟ್ರಾನ್ ಕೊಡುವ ಕೈ, ಸಾರಜನಕ ಕಸಿಯುವ ಕೈ. ಆಮ್ಲಜನಕದ ಅಣುವೂ ಕಸಿಯುವ ಪಕ್ಷದ್ದೇ. ಪದರ ಎಷ್ಟು ದಟ್ಟವಾಗಿದೆ ಅನ್ನುವುದು ಈ ಎರಡರ ಅನುಪಾತದ ಮೇಲೆ ನಿಂತಿದೆ.

ಈ ಅನುಪಾತವನ್ನು ಋತು ಬದಲಿಸುವುದು ಗಾಳಿಯ ಮೂಲಕ. ಬೇಸಿಗೆಯ ಗೋಳಾರ್ಧದಲ್ಲಿ ಕಾದ ಗಾಳಿ ಮೇಲೇಳುತ್ತದೆ. ಏಳುವಾಗ ಕೆಳಗಿನ ಸಾರಜನಕ ತುಂಬಿದ ಗಾಳಿಯನ್ನೂ ಜೊತೆಗೆ ಎತ್ತುತ್ತದೆ. ಅನಿಲಗಳು ಮತ್ತೆ ಬೇರೆಬೇರೆಯಾಗಲು ಬಿಡುವೇ ಸಿಗುವುದಿಲ್ಲ. ಮೇಲೆ ಹೋದ ಗಾಳಿ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಸಮಭಾಜಕ ದಾಟಿ ಚಳಿಗಾಲದ ಗೋಳಾರ್ಧಕ್ಕೆ ಹರಿಯುತ್ತದೆ. ಅಲ್ಲಿ ಕೆಳಗಿಳಿಯುತ್ತದೆ. ಇಳಿಯುವಾಗ ಮೇಲಿನ ಆಮ್ಲಜನಕ ತುಂಬಿದ ಗಾಳಿ ಎಫ್2 ಪದರದ ಎತ್ತರಕ್ಕೆ ಬರುತ್ತದೆ. ಹೀಗಾಗಿ ಡಿಸೆಂಬರ್‌ನಲ್ಲಿ ನಿಮ್ಮ ತಲೆಯ ಮೇಲೆ ಕೊಡುವ ಕೈ ಜೋರು, ಕಸಿಯುವ ಕೈ ಸಣ್ಣದು. ಬಿಸಿಲು ಕಮ್ಮಿಯಾದರೂ ಎಲೆಕ್ಟ್ರಾನ್‌ಗಳು ಬದುಕಿ ಉಳಿಯುತ್ತವೆ. ಜೂನ್‌ನಲ್ಲಿ ಹುಟ್ಟುವುದು ಜಾಸ್ತಿ, ಸಾಯುವುದು ಅದಕ್ಕಿಂತ ಜಾಸ್ತಿ.

ಇದನ್ನು ಈಗ ನೇರವಾಗಿ ಅಳೆಯುತ್ತಾರೆ. 2001ರ ಡಿಸೆಂಬರ್‌ನಲ್ಲಿ ಹಾರಿದ ‘ಟೈಮ್ಡ್’ ಉಪಗ್ರಹದ ಉಪಕರಣ ಮೇಲಿನ ಗಾಳಿಯ ಅತಿನೇರಳೆ ಹೊಳಪನ್ನು ನೋಡಿ ಆಮ್ಲಜನಕ-ಸಾರಜನಕ ಅನುಪಾತದ ನಕ್ಷೆ ಕೊಟ್ಟಿತು. 2018ರಲ್ಲಿ ಹಾರಿದ ‘ಗೋಲ್ಡ್’ ಉಪಕರಣ ಭೂಸ್ಥಿರ ಕಕ್ಷೆಯಿಂದ ಅದೇ ಕೆಲಸ ಮಾಡಿದೆ. ನಕ್ಷೆಯಲ್ಲಿ ಬೇಸಿಗೆಯ ಗೋಳಾರ್ಧ ಒಂದು ಬಣ್ಣ, ಚಳಿಗಾಲದ್ದು ಇನ್ನೊಂದು. ನನಗೆ ಇನ್ನೂ ಇಷ್ಟವಾಗುವ ಸಾಕ್ಷಿ ಹೀಲಿಯಂ. ಅದು ಬಹಳ ಹಗುರವಾದ್ದರಿಂದ ಈ ಗಾಳಿಯ ಆಟಕ್ಕೆ ಎಲ್ಲಕ್ಕಿಂತ ಹೆಚ್ಚು ಸಿಕ್ಕುತ್ತದೆ. ಚಳಿಗಾಲದ ಧ್ರುವದ ಕಡೆ ಅದು ಬೇಸಿಗೆಯ ಕಡೆಗಿಂತ ಹತ್ತು ಪಟ್ಟಿನಷ್ಟು ಜಾಸ್ತಿ ಸೇರುತ್ತದೆ. ಯಾವುದೋ ಒಂದು ಅನಿಲ ಆರು ತಿಂಗಳಿಗೊಮ್ಮೆ ಮನೆ ಬದಲಿಸುತ್ತದೆ ಅಂದ ಹಾಗೆ.

ಇದು ನಿಮ್ಮ ವಿಷಯದಲ್ಲಿ ನಿಜವಾ ಎಂದು ನೀವೇ ಪರೀಕ್ಷಿಸಬಹುದು. ಲಾಗ್‌ಬುಕ್‌ನಲ್ಲಿ ರಾತ್ರಿಯ ಪುಟ ತೆಗೆಯಿರಿ. ಈ ಅಸಂಗತಿ ಹಗಲಿನದು. ರಾತ್ರಿ ಲೆಕ್ಕ ತಿರುಗುತ್ತದೆ: ದೀರ್ಘ ಕತ್ತಲಿನಿಂದಾಗಿ ಚಳಿಗಾಲದ ರಾತ್ರಿ ಪದರ ಬೇಸಿಗೆಯ ರಾತ್ರಿಗಿಂತ ತೆಳು. ಜುಲೈ ರಾತ್ರಿ ಹತ್ತಕ್ಕೂ 14 ಮೆಗಾಹರ್ಟ್ಸ್ ಜೀವಂತ, ಡಿಸೆಂಬರ್‌ನಲ್ಲಿ ಸಂಜೆಗೇ ಸತ್ತಿತ್ತು ಎಂದಿದ್ದರೆ ದೋಷ ಕೇಬಲ್‌ನದಲ್ಲ. ಕೆಟ್ಟ ಕೇಬಲ್ ಹಗಲು ರಾತ್ರಿ ನೋಡಿ ಕೆಡುವುದಿಲ್ಲ.

ಒಂದು ಎಚ್ಚರ. ನಾಲ್ಕು ವರ್ಷದಲ್ಲಿ ಸೂರ್ಯನೂ ಬದಲಾಗಿದ್ದಾನೆ. ಸುಮಾರು 11 ವರ್ಷದ ಸೌರಚಕ್ರದ ಪರಿಣಾಮ ಋತುವಿನದಕ್ಕಿಂತ ದೊಡ್ಡದು. ಹಾಗಾಗಿ ಮೊದಲ ವರ್ಷದ ಜೂನ್ ಅನ್ನು ನಾಲ್ಕನೇ ವರ್ಷದ ಡಿಸೆಂಬರ್ ಜೊತೆ ಹೋಲಿಸಬೇಡಿ. ಒಂದು ಡಿಸೆಂಬರ್‌ಗೆ ಅದರ ಹಿಂದಿನ, ಮುಂದಿನ ಜೂನ್‌ಗಳನ್ನು ಇಟ್ಟು ನೋಡಿ. ಸೂರ್ಯ ಚುರುಕಾಗಿದ್ದಾಗ ಚಳಿಗಾಲದ ಅಸಂಗತಿಯೂ ಎದ್ದು ಕಾಣುತ್ತದೆ, ಸೂರ್ಯ ಮಂಕಾದಾಗ ಸೊರಗುತ್ತದೆ.

ಹವಾಮಾನ ಬದಲಾವಣೆ? ನಿಮ್ಮ ಲಾಗ್‌ಬುಕ್‌ನ ಏರಿಳಿತಕ್ಕೆ ಅದು ಕಾರಣ ಅಲ್ಲ. ಆದರೆ ಮೇಲೆ ಅದರ ಗುರುತೇ ಇಲ್ಲ ಎಂದೂ ಹೇಳಲಾರೆ. ನೆಲದ ಹತ್ತಿರ ಬಿಸಿ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಮೇಲೆ ಶಾಖವನ್ನು ಆಚೆ ಬಿಟ್ಟು ತಂಪು ಮಾಡುತ್ತದೆ. ರೇ ರೋಬಲ್ ಮತ್ತು ರಾಬರ್ಟ್ ಡಿಕಿನ್‌ಸನ್ 1989ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಹಳೆಯ ಉಪಗ್ರಹಗಳ ಕಕ್ಷೆ ನೋಡಿದಾಗ 400 ಕಿ.ಮೀ. ಹತ್ತಿರ ಸಾಂದ್ರತೆ ದಶಕಕ್ಕೆ ಶೇಕಡಾ ಎರಡರ ಆಸುಪಾಸಿನಲ್ಲಿ, ಕೆಲವು ಲೆಕ್ಕದಲ್ಲಿ ಇನ್ನೂ ಜಾಸ್ತಿ, ಇಳಿಯುತ್ತಿರುವುದು ಕಂಡಿತು. ನಾಲ್ಕು ವರ್ಷದ ಲಾಗ್‌ಬುಕ್‌ನಲ್ಲಿ ಅದು ಕಾಣುವ ಮಾತೇ ಇಲ್ಲ.

ಇನ್ನು ಆ 85 ಕಿ.ಮೀ. ಚಳಿ. ಇದು ನಿಮ್ಮ ಪ್ರಶ್ನೆಗೆ ನೇರ ಬೇಕಾಗಿಲ್ಲ, ಆದರೂ ಬಿಡಲು ಮನಸ್ಸಿಲ್ಲ. ಬೇಸಿಗೆಯ ಧ್ರುವದ ಮೇಲೆ, ಇಪ್ಪತ್ತನಾಲ್ಕು ಗಂಟೆ ಬಿಸಿಲಿರುವ ಜಾಗದಲ್ಲಿ, ಉಷ್ಣತೆ ಸುಮಾರು 130 ಕೆಲ್ವಿನ್‌ಗೆ ಇಳಿಯುತ್ತದೆ. ಅಂದರೆ ಸೊನ್ನೆಗಿಂತ 140 ಡಿಗ್ರಿಗೂ ಕೆಳಗೆ. ಭೂಮಿಯ ವಾತಾವರಣದಲ್ಲಿ ಇದಕ್ಕಿಂತ ತಣ್ಣನೆಯ ಜಾಗ ಇಲ್ಲ. ಇಲ್ಲೂ ಕೆಲಸ ಮಾಡುವುದು ಗಾಳಿಯೇ. ಬೆಟ್ಟ, ಗುಡುಗುಮೋಡಗಳಿಂದ ಎದ್ದ ಅಲೆಗಳು ಮೇಲೆ ಹೋಗಿ ಒಡೆಯುತ್ತವೆ. ಆ ತಳ್ಳುವಿಕೆಗೆ ಗಾಳಿ ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವಕ್ಕೆ ಹರಿಯುತ್ತದೆ. ಬೇಸಿಗೆಯ ಕಡೆ ಖಾಲಿಯಾದ ಜಾಗ ತುಂಬಲು ಕೆಳಗಿನ ಗಾಳಿ ಏರುತ್ತದೆ, ಏರಿದಂತೆ ಹಿಗ್ಗಿ ತಣ್ಣಗಾಗುತ್ತದೆ. ಬಿಸಿಲು ಈ ತಂಪನ್ನು ಗೆಲ್ಲಲಾರದು. 1885ರಿಂದ ಜನ ನೋಡುತ್ತ ಬಂದಿರುವ, ಬೇಸಿಗೆಯ ರಾತ್ರಿ ಬೆಳ್ಳಿಯಂತೆ ಹೊಳೆಯುವ ಮೋಡಗಳು ಈ ಎತ್ತರದಲ್ಲಿ ಕಟ್ಟಿದ ಮಂಜಿನ ಕಣಗಳೇ.

ರೇಡಿಯೋಗೆ ಏನು ಮಾಡಬಹುದು? ಪವರ್ ಏರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ನಾನು ಬೇಡ ಅನ್ನುವ ಉಪಾಯ. 28 ಮೆಗಾಹರ್ಟ್ಸ್ ಎಫ್2 ಪದರದಿಂದ ದೂರಕ್ಕೆ ತಿರುಗಿ ಬರಬೇಕಾದರೆ ಪದರದ ಕ್ರಾಂತಿಕ ಆವರ್ತನ, ಅಂದರೆ ನೇರ ಮೇಲೆ ಕಳಿಸಿದ ಸಂಕೇತ ತಿರುಗಿ ಬರುವ ಕೊನೆಯ ಆವರ್ತನ, ಸುಮಾರು 9 ಮೆಗಾಹರ್ಟ್ಸ್ ಇರಬೇಕು. ಅದು 6 ಅಥವಾ 7ರಲ್ಲಿದ್ದರೆ ನೀವು ಎಷ್ಟು ವ್ಯಾಟ್ ಸುರಿದರೂ ಸಂಕೇತ ಪದರ ತೂರಿ ಆಚೆ ಹೋಗುತ್ತದೆ. ನಕ್ಷತ್ರಗಳಿಗೆ ಕೇಳಬಹುದು. ಬೇಸಿಗೆ ಹಗಲಿಗೆ 14, 18, 21 ಮೆಗಾಹರ್ಟ್ಸ್‌ಗೆ ಇಳಿಯಿರಿ, ಅಥವಾ ಸಮಯವನ್ನು ಸಂಜೆಗೆ ಸರಿಸಿ. ಚಳಿಗಾಲದ ರಾತ್ರಿಗೆ 3.5 ಮತ್ತು 7.

ಬೇಸಿಗೆಯಲ್ಲೂ ಒಮ್ಮೊಮ್ಮೆ 28 ದಿಢೀರನೆ ತೆರೆದು, ಒಂದೆರಡು ಸಾವಿರ ಕಿ.ಮೀ. ದೂರದವರು ಜೋರಾಗಿ ಕೇಳಿಸಿದ್ದರೆ ಅದು ಎಫ್2 ಅಲ್ಲ. ಉಲ್ಕೆಗಳು ಸುಟ್ಟು ಉಳಿದ ಕಬ್ಬಿಣ, ಮೆಗ್ನೀಸಿಯಂ ಅಯಾನುಗಳನ್ನು ಗಾಳಿ 100 ಕಿ.ಮೀ. ಆಸುಪಾಸಿನಲ್ಲಿ ತೆಳು ಹಾಳೆಯಂತೆ ಒತ್ತುತ್ತದೆ. ಆಗೀಗ ಮಾತ್ರ ಕಾಣಿಸಿಕೊಳ್ಳುವ ಈ ಪದರದ ಹೆಸರು ‘ಸ್ಪೊರಾಡಿಕ್ ಇ’. ಇದನ್ನು ನಂಬಿ ಸಮಯ ನಿಗದಿ ಮಾಡಿಕೊಂಡರೆ ಕೈಕೊಡುತ್ತದೆ, ಸಿಕ್ಕಾಗ ಖುಷಿಪಡಿ. ಹಾಗೇ, ಕೆಲವು ಚಳಿಗಾಲದ ದಿನ ಕೆಳಗಿನ ಬ್ಯಾಂಡ್‌ಗಳು ಕಾರಣವಿಲ್ಲದೆ ಸೊರಗಿದರೆ ಆಶ್ಚರ್ಯ ಬೇಡ. ಮೇಲಿನಿಂದ ಇಳಿದ ನೈಟ್ರಿಕ್ ಆಕ್ಸೈಡ್ 90 ಕಿ.ಮೀ. ಕೆಳಗಿನ ಪದರದಲ್ಲಿ ಸಂಕೇತವನ್ನು ಹೀರುವ ಎಲೆಕ್ಟ್ರಾನ್‌ಗಳನ್ನು ಹೆಚ್ಚಿಸುತ್ತದೆ. ಗೊಂದಲ ಏನೆಂದರೆ ಇದಕ್ಕೂ ‘ಚಳಿಗಾಲದ ಅಸಂಗತಿ’ ಎಂದೇ ಹೆಸರು. ನಮ್ಮವರಿಗೆ ಹೆಸರಿಡುವ ಕಲೆ ಅಷ್ಟಕ್ಕಷ್ಟೆ.

ಈಗ ಉಪಗ್ರಹ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ವರ್ಷಪೂರ್ತಿ ಒಂದೇ ಸಾಂದ್ರತೆ ಹಾಕುವುದು 400 ಕಿ.ಮೀ. ಮಟ್ಟಿಗೆ ತಪ್ಪು.

ಕಕ್ಷೆಯಲ್ಲಿರುವ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಬೇಸಿಗೆಯ ಗೋಳಾರ್ಧ, ಚಳಿಗಾಲದ ಗೋಳಾರ್ಧ ಎರಡನ್ನೂ ದಾಟುತ್ತದೆ. ಹಾಗಾದರೆ ಋತು ಸರಿದೂಗಿ ಹೋಗಬೇಕಿತ್ತು, ಅಲ್ವಾ? ಹೋಗುವುದಿಲ್ಲ. ಉಪಗ್ರಹಗಳು ಹಾರತೊಡಗಿದ ಮೊದಲ ವರ್ಷಗಳಲ್ಲೇ ಕಂಡದ್ದು ಏನೆಂದರೆ, ಗಾಳಿಯ ಎಳೆತ (ಉಪಗ್ರಹವನ್ನು ತಡೆದು ಕ್ರಮೇಣ ಕೆಳಗಿಳಿಸುವ ಪ್ರತಿರೋಧ) ಇಡೀ ಭೂಮಿಯ ಮೇಲೆ ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಏರುತ್ತದೆ, ಜನವರಿಯಲ್ಲಿ ಇಳಿಯುತ್ತದೆ, ಜುಲೈನಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. 400 ಕಿ.ಮೀ. ಎತ್ತರದಲ್ಲಿ ಜುಲೈಗಿಂತ ಅಕ್ಟೋಬರ್‌ನಲ್ಲಿ ಸಾಂದ್ರತೆ ಒಂದೂವರೆ ಪಟ್ಟಿನಷ್ಟು ಇರಬಹುದು.

ಇದಕ್ಕೆ 1998ರಲ್ಲಿ ಟಿಮ್ ಫುಲ್ಲರ್-ರೋವೆಲ್ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸುತ್ತದೆ. ಜೂನ್, ಡಿಸೆಂಬರ್‌ನಲ್ಲಿ ಒಂದು ಗೋಳಾರ್ಧದಿಂದ ಇನ್ನೊಂದಕ್ಕೆ ಹರಿಯುವ ಆ ದೊಡ್ಡ ಗಾಳಿ ಒಂದು ಚಮಚದ ಹಾಗೆ ಮೇಲಿನ ವಾತಾವರಣವನ್ನು ಕಲಕುತ್ತದೆ. ಭಾರದ ಸಾರಜನಕ ಎಲ್ಲ ಕಡೆ ಬೆರೆಯುತ್ತದೆ. ಸರಾಸರಿ ತೂಕ ಹೆಚ್ಚಾದಾಗ ಗಾಳಿಯ ಕಂಬ ಕುಗ್ಗುತ್ತದೆ, 400 ಕಿ.ಮೀ.ನಲ್ಲಿ ಸಿಗುವ ಗಾಳಿ ಕಮ್ಮಿಯಾಗುತ್ತದೆ. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್ ಸುಮಾರಿಗೆ ಚಮಚ ನಿಧಾನವಾಗುತ್ತದೆ. ಅನಿಲಗಳು ತೂಕದ ಪ್ರಕಾರ ಬೇರೆಯಾಗುತ್ತವೆ, ಹಗುರದ ಆಮ್ಲಜನಕ ಮೇಲೇರುತ್ತದೆ, ಕಂಬ ಉದ್ದವಾಗುತ್ತದೆ. ಚಮಚ ಒಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಕೆಳಗಿನಿಂದ ಬರುವ ಅಲೆಗಳ ಕಲಕಾಟವೂ ಸೇರಬೇಕು. ಜನವರಿ ಜುಲೈನಷ್ಟು ಇಳಿಯದಿರಲು ಒಂದು ಕಾರಣ ಭೂಮಿ ಜನವರಿ ಮೊದಲ ವಾರ ಸೂರ್ಯನಿಗೆ ಅತಿ ಹತ್ತಿರ ಇರುವುದು. ಜುಲೈಗಿಂತ ಆಗ ಬಿಸಿಲು ಶೇಕಡಾ 7ರಷ್ಟು ಜಾಸ್ತಿ.

ಹಿಂದೆ ಒಂದು ತಂಡ ನನ್ನ ಬಳಿ ಲೆಕ್ಕ ತಂದಿತ್ತು. ಅವರೂ ಸರಾಸರಿ ಸಂಖ್ಯೆ ಹಾಕಿದ್ದರು. ನಾನು ಅವಸರದಲ್ಲಿ ನೋಡಿ ಸರಿ ಅಂದೆ. ಉಪಗ್ರಹ ಕಕ್ಷೆಗೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಅದರ ಎತ್ತರ ಇಳಿಯುವ ಗೆರೆ ನಮ್ಮ ಗೆರೆಗಿಂತ ಕಡಿದಾಗಿತ್ತು. ಕೊನೆಯ ಪ್ರಯೋಗಕ್ಕೆ ದಿನ ಸಾಲಲಿಲ್ಲ. ತಪ್ಪು ಅವರದ್ದಕ್ಕಿಂತ ನನ್ನದೇ ಹೆಚ್ಚು.

400 ಕಿ.ಮೀ. ಆರಿಸಿದರೆ ಆಯುಷ್ಯ ಕೆಲವು ತಿಂಗಳಿಂದ ಒಂದೆರಡು ವರ್ಷ. ಅಷ್ಟು ಚಿಕ್ಕ ಆಯುಷ್ಯದಲ್ಲಿ ಯಾವ ತಿಂಗಳು ಬಿಟ್ಟಿರಿ ಅನ್ನುವುದು ಮುಖ್ಯ. ಒಂಟಿ ಆಮ್ಲಜನಕ ಅಲ್ಲಿ ಪ್ಲಾಸ್ಟಿಕ್ ಹಾಳೆಗಳನ್ನು ತಿನ್ನುತ್ತದೆ, ಮುಂಭಾಗದ ಮೇಲ್ಮೈಗೆ ಲೇಪ ಬೇಕು. ಲಾಭ ಎಂದರೆ ಕೆಲಸ ಮುಗಿದ ಮೇಲೆ ತಾನೇ ಸುಟ್ಟು ಹೋಗುತ್ತದೆ, ಕಸವಾಗಿ ಉಳಿಯುವುದಿಲ್ಲ. 550ರಲ್ಲಿ ಬಿಟ್ಟರೆ ಹಲವು ವರ್ಷ ಇರುತ್ತದೆ. ಅಲ್ಲಿ ಋತುಗಳ ಏರಿಳಿತ ವರ್ಷಗಳಲ್ಲಿ ಸರಿದೂಗಿ, ಆಯುಷ್ಯ ತೀರ್ಮಾನಿಸುವುದು ಸೌರಚಕ್ರ. ಸೂರ್ಯ ಮಂಕಾಗಿರುವ ವರ್ಷಗಳಲ್ಲಿ ಆ ಎತ್ತರದಲ್ಲಿ ಚಳಿಗಾಲದ ಧ್ರುವದ ಕಡೆ ಹೀಲಿಯಂ ಎಳೆತದ ದೊಡ್ಡ ಪಾಲಾಗಬಹುದು. ರೇಡಿಯೋ ಕೆಟ್ಟು ಮೂಕವಾದ ಉಪಗ್ರಹ ಅಷ್ಟು ವರ್ಷ ಎಲ್ಲರ ದಾರಿಯಲ್ಲಿ ಸುತ್ತುತ್ತಿರುವುದು 550ರ ಅಪಾಯ. ಮೊದಲ ಉಪಗ್ರಹ ಮಾಡುತ್ತಿರುವ ತಂಡಕ್ಕೆ ನಾನು 400 ಅನ್ನುತ್ತೇನೆ. 550ಕ್ಕೇ ಹೋಗಬೇಕೆಂದರೆ ಕೊನೆಗೆ ಬಿಚ್ಚಿಕೊಳ್ಳುವ ಎಳೆತದ ಹಾಯಿ ಒಂದಿರಲಿ.

ಸೌರ ಬಿರುಗಾಳಿಯನ್ನು ಮರೆಯಬೇಡಿ. 2022ರ ಫೆಬ್ರವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಸುಮಾರು 210 ಕಿ.ಮೀ. ಎತ್ತರದಲ್ಲಿ ಬಿಟ್ಟಿದ್ದರು. ಮರುದಿನದ ಭೂಕಾಂತೀಯ ಬಿರುಗಾಳಿಗೆ ಗಾಳಿ ಹಿಗ್ಗಿತು, ಮೂವತ್ತಕ್ಕೂ ಹೆಚ್ಚು ಉಪಗ್ರಹಗಳು ಬಿದ್ದುಹೋದವು. ಅಂಥ ಬಿರುಗಾಳಿಗಳು ಮಾರ್ಚ್, ಸೆಪ್ಟೆಂಬರ್ ಸುಮಾರಿಗೆ ಹೆಚ್ಚು, ಯಾಕೆಂದರೆ ಆಗ ಭೂಮಿಯ ಕಾಂತಕ್ಷೇತ್ರ ಸೌರಗಾಳಿಯ ಕಾಂತಕ್ಷೇತ್ರದ ಜೊತೆ ಬೆಸೆಯಲು ಅನುಕೂಲವಾದ ಕೋನದಲ್ಲಿರುತ್ತದೆ. ಅಂದರೆ ಸಾಂದ್ರತೆ ಮೊದಲೇ ಏರಿರುವ ಕಾಲಕ್ಕೇ ಬಿರುಗಾಳಿಯ ಸಾಧ್ಯತೆಯೂ ಜಾಸ್ತಿ.

ತಂಡಕ್ಕೆ ಹೇಳಿ: ಒಂದೇ ಸಂಖ್ಯೆ ಬಿಟ್ಟು, ಮೇಲಿನ ಗಾಳಿಯ ಸಾಂದ್ರತೆಯನ್ನು ಲೆಕ್ಕ ಹಾಕುವ ‘ಎಂಸಿಸ್’ (MSIS) ಮಾದರಿ ಬಳಸಲಿ. ಉಚಿತವಾಗಿ ಸಿಗುತ್ತದೆ, ದಿನಾಂಕ ಕೊಟ್ಟರೆ ಋತುವನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆ ಸೂರ್ಯ ಎಷ್ಟು ಚುರುಕಾಗಿದ್ದಾನೆ ಎಂದು ಹೇಳುವ ಎಫ್10.7 ಸೂಚ್ಯಂಕವನ್ನು ಮೂರು ಬಗೆಯಲ್ಲಿ ಕೊಡಲಿ: ಮಂಕು, ಸಾಧಾರಣ, ಚುರುಕು. ಉಡಾವಣೆ ತಿಂಗಳನ್ನೂ ಮೂರು ಬಗೆಯಲ್ಲಿ ಬದಲಿಸಿ ನೋಡಲಿ, ಯಾಕೆಂದರೆ ಬೇರೆಯವರ ರಾಕೆಟ್‌ನಲ್ಲಿ ಜಾಗ ಪಡೆದವರ ದಿನಾಂಕ ಎಂದೂ ಅವರ ಕೈಯಲ್ಲಿರುವುದಿಲ್ಲ. ಜುಲೈಗೆಂದು ಹೇಳಿದ್ದು ಅಕ್ಟೋಬರ್‌ಗೆ ಹೋದರೆ ಎಷ್ಟು ದಿನ ಕಳೆದುಕೊಳ್ಳುತ್ತೀರಿ ಎಂದು ಮೊದಲೇ ಗೊತ್ತಿರಲಿ. ಮತ್ತು ಬಹಳ ಮುಖ್ಯವಾದ ಪ್ರಯೋಗವನ್ನು ಮೊದಲ ಮೂರು ವಾರದಲ್ಲೇ ಮುಗಿಸುವಂತೆ ವೇಳಾಪಟ್ಟಿ ಹಾಕಿ.